ಅಕ್ಕನ ಬಣ್ಣ ಮತ್ತು ನನ್ನ ಪ್ರಿಂಟರು

ಬೇಡದ ವಸ್ತುವೊಂದನ್ನು ಮನೆಗೆ ತಂದವನು ಆಮೇಲೆ ಅದಕ್ಕೊಂದು ಕೆಲಸ ಹುಡುಕುತ್ತಾ ತಿರುಗಬೇಕಾಗುತ್ತದೆ. ನಾನು ದಾವಣಗೆರೆಯಿಂದ ಬಣ್ಣದ ಲೇಸರ್ ಪ್ರಿಂಟರ್ ತಂದಾಗ ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇದ್ದ ಮನೆಗಳೇ ಅಪರೂಪ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರನಿಗೆ ಬಣ್ಣ ಯಾಕೆ ಬೇಕು ಎಂದು ಯಾರೂ ಕೇಳದಿರಲಿ ಅಂತ, ತಂದ ವಾರವೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ಬಣ್ಣದ ಚೀಟಿ ಮುದ್ರಿಸಿ ಅಂಟಿಸಿದೆ. ತೊಗರಿಬೇಳೆಗೆ ಹಳದಿ, ಹೆಸರುಬೇಳೆಗೆ ಹಸಿರು. ಹೆಂಡತಿ ಶಾಂತಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇಷ್ಟು ವರ್ಷ ಬ್ಯಾಳಿ ನೋಡಿ ಸಾರು ಮಾಡೇನಿ. ಇನ್ನ ಮ್ಯಾಲೆ ಓದಿ ಮಾಡ್ಬೇಕೇನ್ರಿ?" ಅಂದಳು.

ಆ ಯಂತ್ರಕ್ಕೆ ನಿಜವಾದ ಕೆಲಸ ಸಿಕ್ಕಿದ್ದು ತೆಲಿಗಿಯಲ್ಲಿದ್ದ ನನ್ನ ಅಕ್ಕ ಗಿರಿಜಮ್ಮ ತೀರಿಕೊಂಡಾಗ. ಮಣ್ಣು ಮಾಡಿ ಬಂದ ಎರಡು ದಿನಕ್ಕೆ ಅಕ್ಕನ ಗಂಡ ಕೊಟ್ರಪ್ಪ ಮಾವ ನಮ್ಮ ಮನೆಗೆ ಬಂದರು. ಮೆಕ್ಕೆಜೋಳದ ಲಾರಿ ಓಡಿಸಿಯೇ ವಯಸ್ಸು ಕಳೆದ ಮನುಷ್ಯ, ಮಾತು ಬಹಳ ಕಡಿಮೆ. "ಹೊಸ ಸೀರಿ ಉಟ್ಟು ಎದುರಿಗೆ ನಿಂತ್ರೂ ಚಲೋ ಕಾಣ್ತಿ ಅನ್ನಂಗಿಲ್ಲಪ್ಪ ಈ ಮನುಷ್ಯ" ಎಂದು ಅಕ್ಕ ನಮ್ಮಲ್ಲಿಗೆ ಬಂದಾಗಲೆಲ್ಲ ಹೇಳುತ್ತಿದ್ದಳು. ಮಾವ ಜೇಬಿನಿಂದ ಒಂದು ಸಣ್ಣ ಫೋಟೋ ತೆಗೆದು ಕೊಟ್ಟರು. "ಆಕಿ ಗಣಾರಾಧನಿ ಊಟದ ಕಾರ್ಡಿಗೆ ಇದನ್ನ ಹಾಕ್ರಿ ಮಾಸ್ತ್ರ. ಕಲರ್ ಫೋಟೋ ಇದೊಂದೇ ಐತಿ."

ನಾನು ಅದನ್ನು ಸರಿಯಾಗಿ ನೋಡಲೇ ಇಲ್ಲ. ನೋಡುವ ಧೈರ್ಯ ಬರಲಿಲ್ಲ. ತೆಗೆದುಕೊಂಡವನೇ ಪ್ರಿಂಟರಿನ ನೆತ್ತಿಯಲ್ಲೇ ಇದ್ದ ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚಿದೆ. ಹೊರಗೆ ಬಂದ ಹಾಳೆಯಲ್ಲಿ ಅಕ್ಕನ ಎಡಗೆನ್ನೆ ಸರಿಯಾಗಿತ್ತು. ಬಲಗೆನ್ನೆ ಮಾತ್ರ ಬಿಳಿಚಿಕೊಂಡು, ಕೆಂಪು ಛಾಯೆಗೆ ತಿರುಗಿ, ಯಾರದೋ ಕೆನ್ನೆಯಾಗಿತ್ತು.

ಕೈಪಿಡಿ ತೆಗೆದೆ. ಕೆಂಪು ಹೆಚ್ಚಾದರೆ ನೀಲಿ ಕಡಿಮೆಯಾಗಿದೆ ಎಂದು ತರ್ಕ ಹೂಡಿ ನೀಲಿ ಟೋನರಿನ ಪೆಟ್ಟಿಗೆಯನ್ನು ಹೊರಗೆಳೆದು ಅಲುಗಾಡಿಸಿದೆ. ಅಂಗಿ, ಕೈ, ಮೂಗಿನ ತುದಿ ನೀಲಿಯಾದವು, ಅಕ್ಕ ಆಗಲಿಲ್ಲ. ಕಾಗದಕ್ಕೆ ತೇವ ಹಿಡಿದಿರಬೇಕೆಂದು ಹೊಸ ಕಟ್ಟು ಒಡೆದೆ. ಒಳಗೆಲ್ಲ ಒಣ ಬಟ್ಟೆಯಲ್ಲಿ ಒರೆಸಿದೆ. ಬಣ್ಣ ತಾನೇ ಹೊಂದಿಸಿಕೊಳ್ಳುವ ಗುಂಡಿ ಒತ್ತಿದೆ. ಯಂತ್ರ ಬಹಳ ಹೊತ್ತು ಗೊಣಗಿ ಮತ್ತೆ ಅದೇ ಮುಖವನ್ನು ಹೊರಗೆ ತಳ್ಳಿತು. ಮಾವ ಪಕ್ಕದ ಕುರ್ಚಿಯಲ್ಲಿ ಕೂತು ಒಂದೊಂದು ಹಾಳೆಯನ್ನೂ ಎತ್ತಿ ತೊಡೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದರು.

"ಅವು ಕೆಟ್ಟಾವು ಮಾವ, ಬುಟ್ಟಿಗೆ ಹಾಕ್ರಿ" ಎಂದೆ.

"ಆಕೀನ ಬುಟ್ಟಿಗೆ ಹೆಂಗ ಹಾಕ್ಲಿ?" ಅಂದರು.

ಕೊನೆಗೆ ಪರೀಕ್ಷೆಯ ಹಾಳೆ ಮುದ್ರಿಸಿದೆ. ನಾಲ್ಕು ಬಣ್ಣದ ಪಟ್ಟಿಗಳೂ ಒಂದು ಗೀರಿಲ್ಲದೆ ಬಂದವು. ಯಂತ್ರದಲ್ಲಿ ದೋಷವೇ ಇಲ್ಲವೆಂದರೆ ದೋಷ ಎಲ್ಲಿದೆ ಎಂದು ನಾನು ಪುನಃ ಕೈಪಿಡಿ ತಿರುವುತ್ತಿದ್ದೆ. ಚಹಾ ತಂದ ಶಾಂತಾ ಮುಚ್ಚಳ ಎತ್ತಿ ಫೋಟೋ ಕೈಗೆ ತೆಗೆದುಕೊಂಡಳು.

"ರೀ, ಫೋಟೋನೇ ಹಂಗೈತಲ್ರಿ."

ಆಗ ಮಾವ ನೆಲ ನೋಡುತ್ತಾ ಹೇಳಿದರು: "ಲಾರಿಯಾಗ ಇಟ್ಕಂಡಿದ್ದೆ. ಮುಂದಿನ ಗ್ಲಾಸಿಗೆ ಸಿಗಿಸಿ. ಒಂದು ಕಡಿ ಬಿಸಿಲು ಬೀಳ್ತಿತ್ತು."

ಆ ಫೋಟೋ ಕಳೆದುಹೋಯಿತೆಂದು ಅಕ್ಕ ಒಂದು ಯುಗಾದಿಯ ಹೊತ್ತಿಗೆ ಟ್ರಂಕುಗಳನ್ನೆಲ್ಲ ಬರಿದು ಮಾಡಿ ಹುಡುಕಿದ್ದು ನನಗೆ ಗೊತ್ತಿತ್ತು. "ಅಕ್ಕಗ ಹೇಳಿದ್ದಿಲ್ಲೇನು?" ಎಂದು ಕೇಳಿದೆ.

"ಏನಂತ ಹೇಳೋದು" ಅಂದು ಚಹಾ ಕುಡಿದರು.

ಕಂಪ್ಯೂಟರಿನಲ್ಲಿ ಆ ಕೆನ್ನೆಯ ಬಣ್ಣ ಸರಿಮಾಡಲು ಕೂತೆ. ಹೇಗೂ ಕೈ ಹಚ್ಚಿದ್ದೇನೆ, ನಾಲ್ಕು ಜನ ನೋಡುವ ಕಾರ್ಡು ಎಂದು ಇಡೀ ಮುಖವನ್ನೇ ಸ್ವಲ್ಪ ಬೆಳ್ಳಗೆ ಮಾಡಿದೆ. ಮಾವ ಎದ್ದು ಬಂದು ನನ್ನ ಹಿಂದೆ ನಿಂತರು. "ಇಷ್ಟು ಬೆಳ್ಳಗಿದ್ದಿಲ್ಲ ಆಕಿ. ಇಳಿಸ್ರಿ." ಇಳಿಸಿದೆ. "ಇನ್ನಷ್ಟು." ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳ ಬಣ್ಣ ನನಗೇ ನೆನಪಿರಲಿಲ್ಲ, ಅವರು ಹೇಳಿದಂತೆ ಇಳಿಸುತ್ತಾ ಹೋದೆ. "ಹಾಂ, ಸಾಕು" ಅಂದಾಗ ಪರದೆಯ ಮೇಲೆ ಅಕ್ಕ ಬಂದು ಕೂತಿದ್ದಳು. ಶಾಂತಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಮಾವ ಕೆಟ್ಟ ಹಾಳೆಗಳನ್ನೂ ಬಿಡದೆ ಮಡಿಚಿ ಚೀಲಕ್ಕೆ ಹಾಕಿಕೊಂಡರು.

ಗಣಾರಾಧನೆಯ ದಿನ ತೆಲಿಗಿಯಲ್ಲಿ ಕಾರ್ಡು ಎಲ್ಲರ ಕೈಯಲ್ಲೂ ಓಡಾಡಿತು. ಪ್ರಿಂಟ್ ಭಾರಿ ಬಂದಿದೆ ಎಂದರು, ಯಂತ್ರ ಯಾವುದು ಎಂದು ಕೇಳಿದರು. ನಾನೂ ಎಲೆಯ ಮುಂದೆ ಕೂತು ಲೇಸರ್ ಬೆಳಕು, ಡ್ರಮ್ಮು, ಕಾಗದದ ದಪ್ಪ ಎಂದು ಪಾಠ ಮಾಡಿದೆ. ಅಕ್ಕನ ಸುದ್ದಿ ತೆಗೆದಿದ್ದರೆ ಅಲ್ಲಿಯೇ ಅಳುತ್ತಿದ್ದೆ. ಪ್ರಿಂಟರಿನ ಸುದ್ದಿಯಾದ್ದರಿಂದ ಬಚಾವಾದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕರೊಬ್ಬರು, "ಟೋನರು ಮುಗುದ್ರ ಏನ್ ಮಾಡ್ತೀರಿ ಮಾಸ್ತ್ರ?" ಎಂದು ಕೇಳಿದರು.

"ಮುಗುದ್ರ..." ಎಂದೆ. ಕಣ್ಣು ತುಂಬಿ ಎಲೆ ಮಸುಕಾಯಿತು. ಅವರು ಗಾಬರಿಯಿಂದ ನನ್ನ ಬೆನ್ನು ಸವರಿದರು.

"ಇರ್ಲಿ ಬಿಡ್ರಿ ಮಾಸ್ತ್ರ. ಅಷ್ಟೊಂದು ತುಟ್ಟಿ ಅಂತ ನನಗೇನು ಗೊತ್ತು?"