ಮಲ್ಲಪ್ಪ ಮೇಲೋ, ಖಾದರ್ ಸಾಬ್ ಮೇಲೋ

ನಮ್ಮ ಮಾವನವರು ಬಾಳಿನಲ್ಲಿ ಒಂದು ಸಲವೂ ಕುಸ್ತಿ ಆಡಿದವರಲ್ಲ. ಆದರೆ ಅವರಷ್ಟು ಕುಸ್ತಿ ಗೆದ್ದವರು ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಗೆದ್ದದ್ದೆಲ್ಲ ಅಜ್ಜಂಪುರದ ನಮ್ಮ ನಡುಮನೆಯಲ್ಲಿ, ಊಟಕ್ಕೆ ಕುಳಿತಲ್ಲೇ, ಮುದ್ದೆ ಆರಿ ಕಲ್ಲಾಗುವವರೆಗೆ.

ಆಳು ನೋಡಿದರೆ ನೀವು ನಂಬುತ್ತಿರಲಿಲ್ಲ. ಹತ್ತಿ ವ್ಯಾಪಾರಿ. ಮಾರುವ ಹತ್ತಿಗೂ ಮಾರುವ ಮನುಷ್ಯನಿಗೂ ತೂಕದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಆಷಾಢದ ಗಾಳಿ ಎದ್ದರೆ ಅತ್ತೆ ಮೊದಲು ಇವರನ್ನು ಒಳಕ್ಕೆ ಕರೆದು, ಆಮೇಲೆ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು. ಇಂಥವರಿಗೆ ಪೈಲ್ವಾನರ ಹುಚ್ಚು ಎಲ್ಲಿಂದ ಹತ್ತಿತೋ!

ಹುಚ್ಚೆಂದರೆ ಎಲ್ಲ ಪೈಲ್ವಾನರದ್ದೂ ಅಲ್ಲ. ಇಬ್ಬರದ್ದು ಮಾತ್ರ. ಒಬ್ಬ ನಮ್ಮ ಅಜ್ಜಂಪುರದ ಮಲ್ಲಪ್ಪ. ದಸರೆಯಲ್ಲಿ ಮಹಾರಾಜರ ಮುಂದೆ ಗೆದ್ದು ಬಂದವನು, ಪ್ಲೇಗು ಬಂದಾಗ ತೀರಿಕೊಂಡವನು. ಇನ್ನೊಬ್ಬ ತರೀಕೆರೆಯ ಖಾದರ್ ಸಾಬ್. ಮಲ್ಲಪ್ಪ ಹೋದಮೇಲೆ ಹೆಸರು ಮಾಡಿದವನು, ಅವನನ್ನು ಬೆನ್ನ ಮೇಲೆ ಕೆಡವಿದವರೇ ಇಲ್ಲವೆನ್ನಿಸಿಕೊಂಡವನು. ಇವರಿಬ್ಬರೂ ಒಂದು ದಿನವೂ ಒಂದೇ ಅಖಾಡಕ್ಕೆ ಇಳಿಯಲಿಲ್ಲ. ಇಳಿದಿದ್ದರೆ ಯಾರು ಗೆಲ್ಲುತ್ತಿದ್ದರು? ನಮ್ಮ ಮನೆಯ ನೆಮ್ಮದಿಯನ್ನು ತಿಂದ ಪ್ರಶ್ನೆ ಇದು.

ಪ್ರಶ್ನೆಗೆ ಇಬ್ಬರು ವಕೀಲರು. ಮಲ್ಲಪ್ಪನ ಕಡೆ ನಮ್ಮ ಮಾವ. ಖಾದರ್ ಸಾಬರ ಕಡೆ ಮಾವನ ಬಾಲ್ಯದ ಗೆಳೆಯ, ತರೀಕೆರೆಯ ಬೆಲ್ಲದ ವ್ಯಾಪಾರಿ. ನಮ್ಮ ಮನೆಯಲ್ಲಿ ಅವರಿಗೆ ಹೆಸರಿರಲಿಲ್ಲ, ‘ತರೀಕೆರೆಯವರು’ ಅಷ್ಟೆ. ಬೀರೂರಿನಲ್ಲಿ ರೈಲು ಬದಲಿಸಿ ಪ್ರತಿ ಸಂತೆಗೂ ಬರುತ್ತಿದ್ದರು. ಬೆಲ್ಲ ಮಾರುವುದು ನೆಪ. ಬೆಲ್ಲವನ್ನು ಆಳಿಗೆ ಒಪ್ಪಿಸಿ ನೇರ ನಮ್ಮ ಮನೆಗೆ ಬಂದು, ಕಾಲು ತೊಳೆದುಕೊಳ್ಳುತ್ತಲೇ ಶುರು ಮಾಡುತ್ತಿದ್ದರು. ಹೋದ ವಾರ ನೀನು ಆ ಮಾತು ಆಡಿದೆಯಲ್ಲ, ರೈಲಿನಲ್ಲಿ ಯೋಚನೆ ಮಾಡಿದೆ, ಅದು ತಪ್ಪು ಎಂದು.

ನಾನು ಸಿಂಗಟಗೆರೆಯಿಂದ ಸೊಸೆಯಾಗಿ ಬಂದ ಹೊಸದು. ಸಾರು ಬಡಿಸಲು ಹೋದವಳು ಇಬ್ಬರ ಕೂಗಾಟ ಕೇಳಿ ಪಾತ್ರೆಯ ಸಮೇತ ಅಡುಗೆಮನೆಗೆ ಓಡಿ ಬಂದೆ. ಇಬ್ಬರೂ ಹೊಡೆದಾಡುತ್ತಿದ್ದಾರೆ, ಯಾರನ್ನಾದರೂ ಕರೆಯಿರಿ ಎಂದೆ. ಅತ್ತೆ ಒಲೆಯಿಂದ ತಲೆಯೆತ್ತಲಿಲ್ಲ. “ಹೊಡೆದಾಡ್ತಿರೋರು ಇವರಲ್ಲ ಕಣಮ್ಮ. ಅವರಲ್ಲೊಬ್ಬ ಸತ್ತೋಗವ್ನೆ. ನೀನು ಹೋಗಿ ಸಾರು ಬಿಡು” ಎಂದರು.

ಆಮೇಲೆ ನನಗೂ ರೂಢಿಯಾಯಿತು. ಉಪ್ಪಿನಕಾಯಿಯ ಬಟ್ಟಲು ಮಲ್ಲಪ್ಪ, ಮಜ್ಜಿಗೆಯ ಲೋಟ ಖಾದರ್ ಸಾಬ್. ಊಟ ಮುಗಿಯುವ ಹೊತ್ತಿಗೆ ಲೋಟ ನೆಲದ ಮೇಲೆ ಉರುಳಿರುತ್ತಿತ್ತು. ಲೋಟ ಉರುಳಿದರೆ ಮಾವನಿಗೆ ಜಯ, ನನಗೆ ನೆಲ ಒರೆಸುವ ಕೆಲಸ.

ಒಂದು ದಿನ ಬಾಯಿಮಾತು ಸಾಲದೆ, ಮಲ್ಲಪ್ಪ ಹಾಕುತ್ತಿದ್ದ ಪಟ್ಟು ಎಂಥದ್ದೆಂದು ತೋರಿಸಲು ಮಾವ ಎದ್ದರು. ತರೀಕೆರೆಯವರು ಮೈ ಕೊಡಲು ಒಪ್ಪಲಿಲ್ಲ. ಸರಿ, ಪಡಸಾಲೆಯಲ್ಲಿದ್ದ ಹತ್ತಿ ಮೂಟೆಯೇ ಖಾದರ್ ಸಾಬ್ ಆಯಿತು. ಮಾವ ಪಂಚೆ ಎತ್ತಿಕಟ್ಟಿ ಅದನ್ನು ತಬ್ಬಿ ತಿರುಗಿಸಿದರು. ಮೂಟೆ ತಿರುಗಲಿಲ್ಲ, ಸೊಂಟ ತಿರುಗಿತು. ತರೀಕೆರೆಯವರು ಆ ವಾರ ಊರಿಗೆ ಹೋಗದೆ ಇಲ್ಲೇ ಉಳಿದು, ದಿನಾ ಹರಳೆಣ್ಣೆ ಕಾಯಿಸಿ ತಾವೇ ಗೆಳೆಯನ ಸೊಂಟಕ್ಕೆ ತಿಕ್ಕಿದರು. ತಿಕ್ಕುವಾಗಲೂ ಸುಮ್ಮನಿದ್ದರೇ? ನೋಡು, ನಮ್ಮ ಖಾದರ್ ಸಾಬ್ ಬರೀ ಹತ್ತಿಯಾಗಿದ್ದಾಗಲೇ ನಿನ್ನ ಗತಿ ಹೀಗಾಯಿತು ಎನ್ನುತ್ತಿದ್ದರು. ಮಾವ ನೋವಿಗೆ ನರಳುತ್ತಲೇ ಅದಕ್ಕೂ ಉತ್ತರ ಕೊಡುತ್ತಿದ್ದರು.

ಇನ್ನೊಂದು ಸಲ ಅಮಲ್ದಾರರು ಊರಿಗೆ ಬಂದಿದ್ದವರು ನಮ್ಮಲ್ಲಿ ಹಾಲು ಕುಡಿಯಲು ಕುಳಿತರು. ಇವರಿಬ್ಬರೂ ಸೇರಿ ವ್ಯಾಜ್ಯವನ್ನು ಅವರ ಮುಂದಿಟ್ಟರು. ಅಮಲ್ದಾರರು ಎಲ್ಲ ಕೇಳಿ, ಗಂಭೀರವಾಗಿ, ಇಬ್ಬರೂ ಸಮಸಮ ಎಂದು ತೀರ್ಪು ಕೊಟ್ಟರು. ಆಗ ನೋಡಬೇಕಿತ್ತು! ಮಾವನೂ ತರೀಕೆರೆಯವರೂ ಒಂದೇ ಪಕ್ಷವಾಗಿ, ಕುಸ್ತಿಯ ಗಂಧವಿಲ್ಲದವರು ಹೀಗೆಲ್ಲ ಮಾತಾಡಬಾರದೆಂದು ಅವರ ಮೇಲೇ ಬಿದ್ದರು. ಪಾಪ, ಆ ಮನುಷ್ಯ ಲೋಟದಲ್ಲಿ ಅರ್ಧ ಹಾಲು ಬಿಟ್ಟು ಹೊರಟರು.

ಹೀಗೇ ನಡೆದುಕೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಖಾದರ್ ಸಾಬರು ಬದುಕಿದ್ದರು. ವಯಸ್ಸಾದ ಮೇಲೆ ಲಕ್ಕವಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಅವರನ್ನೇ ಹೋಗಿ ಕೇಳಿಬಿಡೋಣ ಎಂದು ಮಾವ ಎಷ್ಟೋ ಸಲ ಅಂದಿದ್ದರು. ತರೀಕೆರೆಯವರು ಪ್ರತಿ ಸಲವೂ ಬೇಡವೆಂದು ಮಾತು ತೇಲಿಸುತ್ತಿದ್ದರು. ಅವರಿಗೆ ಸೋಲಿನ ಭಯವೆಂದು ಮಾವ ಹಂಗಿಸುತ್ತಿದ್ದರು. ಅದು ಎಂಥ ಭಯವೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನನ್ನ ತಂಗಿಯ ಗಂಡ ಲಕ್ಕವಳ್ಳಿಯಲ್ಲಿ ಕಾಡಿನ ಗಾರ್ಡು. ಅವಳ ಮಗುವಿನ ನಾಮಕರಣಕ್ಕೆ ನಾನೂ ಮಾವನೂ ಹೊರಟೆವು. ತರೀಕೆರೆಯಲ್ಲಿ ರೈಲು ಇಳಿದಾಗ ಮಾವನ ಗೆಳೆಯರೇ ಗಾಡಿ ಕಟ್ಟಿಕೊಂಡು ಕಾದಿದ್ದರು. ನಾಮಕರಣ ಮುಗಿದ ಮಧ್ಯಾಹ್ನ ಮಾವ ಬಿಡಲಿಲ್ಲ, ಗೆಳೆಯನ ಕೈ ಹಿಡಿದು ಎಳೆದುಕೊಂಡೇ ಹೋದರು. ದಾರಿ ತೋರಿಸಲು ತಂಗಿ, ಅವಳ ಹಿಂದೆ ನಾನು.

ಹೆಂಚಿನ ಸಣ್ಣ ಮನೆ. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಒಬ್ಬ ಮುದುಕ ಬಿಸಿಲು ಕಾಯಿಸುತ್ತ ಕೂತಿದ್ದರು. ಭುಜ ಅಗಲವಾಗಿತ್ತು, ಅದರ ಮೇಲೆ ಮಾಂಸವೇ ಉಳಿದಿರಲಿಲ್ಲ. ತರೀಕೆರೆಯವರು ಅವರನ್ನು ನೋಡಿದ್ದೇ ತಡ, ಚಪ್ಪಲಿ ಬಿಟ್ಟು, ರುಮಾಲು ಸರಿಮಾಡಿಕೊಂಡು, ದೇವರ ಮುಂದೆ ನಿಂತಂತೆ ಕೈ ಮುಗಿದು ನಿಂತರು. ಹುಡುಗನಾಗಿದ್ದಾಗ ನಿಮ್ಮ ಕುಸ್ತಿ ನೋಡಲು ಮರ ಹತ್ತಿ ಕೂತಿರುತ್ತಿದ್ದೆ ಎಂದು ಹೇಳಿಕೊಂಡರು. ಮುದುಕರು ನಕ್ಕು, ಕೂರುವಂತೆ ಸನ್ನೆ ಮಾಡಿದರು. ಮಾವ ಕೂರಲಿಲ್ಲ. ನಿಂತಲ್ಲೇ ಕೇಳಿಬಿಟ್ಟರು. ನಮ್ಮ ಮಲ್ಲಪ್ಪನೂ ನೀವೂ ಕೈ ಹಚ್ಚಿದ್ದರೆ ಯಾರು ಮೇಲಾಗುತ್ತಿದ್ದಿರಿ?

ಖಾದರ್ ಸಾಬರು ಮಂಚದ ಮೇಲೆ ಸ್ವಲ್ಪ ಸರಿದು ಕೂತರು.

“ಇದನ್ನ ಯಾರೂ ನನ್ನ ಕೇಳಿರಲಿಲ್ಲ” ಎಂದರು. “ಆಗಿನ್ನೂ ನನಗೆ ಮೀಸೆ ಬಂದಿತ್ತು ಅಷ್ಟೆ. ಮಲ್ಲಪ್ಪನೋರು ಕಡೂರಿನ ಗರಡೀಲಿ ಇದಾರೆ ಅಂತ ಕೇಳಿ, ಅವರನ್ನ ಕರೆದು ಕೆಡವಿ ಬತ್ತೀನಿ ಅಂತ ಹೋದೆ. ಬಾಗಿಲಿಂದ ನೋಡ್ದೆ. ಸಾಮು ಮಾಡ್ತಿದ್ರು. ಗೆಲ್ಲೋದು ಹಾಗಿರಲಿ ಸ್ವಾಮಿ, ಒಳಗೆ ಹೋಗಕ್ಕೆ ಕಾಲು ಬರಲಿಲ್ಲ. ಹಂಗೇ ತಿರುಗಿ ಬಂದ್ಬಿಟ್ಟೆ.”

ಹೇಳಿದ ಮುದುಕರ ಮುಖದಲ್ಲಿ ಹಗುರವಾದ ನಗೆಯಿತ್ತು. ಕೇಳಿದ ತರೀಕೆರೆಯವರ ಮುಖ ನೋಡಲಾಗದೆ ನಾನು ಕೋಳಿಗಳನ್ನು ನೋಡಿದೆ.

ವಾಪಸು ಗಾಡಿಯಲ್ಲಿ ಮಾವನ ಬಾಯಿಗೆ ಹಿಡಿತವೇ ಇಲ್ಲ. ಕಾಡು ಮುಗಿದು ಗದ್ದೆ ಬಯಲು ಬಂತು, ಬಯಲು ಮುಗಿದು ಊರು ಬಂತು, ಅವರ ಮಾತು ಮುಗಿಯಲಿಲ್ಲ. ತರೀಕೆರೆಯವರು ಎತ್ತುಗಳ ಬೆನ್ನು ನೋಡಿಕೊಂಡು ಕೂತಿದ್ದರು. ನಾನು ಮಾವನಿಗೆ ಕಣ್ಸನ್ನೆ ಮಾಡಿದೆ. ಗೆದ್ದವರಿಗೆ ಸೊಸೆಯ ಕಣ್ಸನ್ನೆ ಕಾಣುತ್ತದೆಯೇ? ರೈಲು ಹತ್ತಿ ಕೂತಮೇಲೂ ಕಿಟಕಿಯಿಂದ ತಲೆ ಹಾಕಿ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಇನ್ಮೇಲೆ ನಮ್ಮನೆಗೆ ಬಂದ್ರೆ ನೀನೂ ಬಾಗಿಲಲ್ಲೇ ನಿಂತ್ಕೊಳಯ್ಯ, ನಿಮ್ಮ ಪೈಲ್ವಾನ್ ನಿಂತಂಗೆ.”

ತಮಾಷೆಗೇ ಅಂದದ್ದು. ಅಂಥ ತಮಾಷೆ ಅವರಿಬ್ಬರ ನಡುವೆ ಎಷ್ಟು ನಡೆದಿತ್ತೋ. ಆದರೆ ತರೀಕೆರೆಯವರು ನಗಲಿಲ್ಲ. ರೈಲು ಹೊರಡುವ ಮೊದಲೇ ತಿರುಗಿ ನಡೆದರು.

ಮುಂದಿನ ಸಂತೆಗೆ ಅತ್ತೆ ಎಂದಿನಂತೆ ಅವರ ಪಾಲಿನ ಮುದ್ದೆಯನ್ನೂ ಕಟ್ಟಿದರು. ಬೆಲ್ಲ ಬಂತು, ಆಳು ಬಂದ, ಅವರು ಬರಲಿಲ್ಲ. ಅದರ ಮುಂದಿನ ಸಂತೆಗೂ ಬರಲಿಲ್ಲ. ಮಳೆಗಾಲ ಕಳೆಯಿತು, ಸುಗ್ಗಿ ಕಳೆಯಿತು. ಆಮೇಲೆ ಬೆಲ್ಲ ಬರುವುದೂ ನಿಂತಿತು.

ಮಾವನ ಪಾಡು ಕೇಳಬೇಡಿ. ಗೆದ್ದರಲ್ಲ, ಇನ್ನು ಮಾತಾಡುವುದಾದರೂ ಏನು? ಸುದ್ದಿ ಊರಿಗೆಲ್ಲ ಹರಡಿತ್ತು. ಕ್ಷೌರದವನ ಮುಂದೆ ಮಾತು ತೆಗೆದರೆ, ಮಲ್ಲಪ್ಪನೇ ಮೇಲು, ಬುದ್ಧಿ, ಎನ್ನುತ್ತಿದ್ದ. ಮಠದ ಅಯ್ಯನವರೂ ಹಾಗೇ ಅನ್ನುತ್ತಿದ್ದರು. ಇಡೀ ಅಜ್ಜಂಪುರ ಅವರ ಮಾತನ್ನು ಒಪ್ಪಿಕೊಂಡುಬಿಟ್ಟಿತ್ತು. ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ! ಕೊನೆಗೆ ಒಂದು ದಿನ ಊಟಕ್ಕೆ ಕೂತವರು ನನ್ನನ್ನೇ ಕೇಳಿದರು.

“ನೀನಾದ್ರೂ ಖಾದರ್ ಸಾಬ್ ಗೆಲ್ತಾನೆ ಅನ್ನಮ್ಮ.”

ಖಾದರ್ ಸಾಬರಿಗೆ ಉಸಿರು ಹೆಚ್ಚು, ಕುಸ್ತಿ ಎಳೆದಷ್ಟೂ ಅವರದೇ ಮೇಲುಗೈ ಎಂದು, ತರೀಕೆರೆಯವರು ಹೇಳುತ್ತಿದ್ದುದನ್ನೇ ನೆನಪು ಮಾಡಿಕೊಂಡು ಹೇಳಿದೆ. ಮಾವ ಮಾತು ಬೆಳೆಸಲಿಲ್ಲ. ಹೂಂ, ಅವನೂ ಹಂಗೇ ಅಂತಿದ್ದ ಎಂದು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಒಂದು ಸಲ ಹೋಗಿ ಬನ್ನಿ, ಬೀರೂರಿನ ಆಚೆಗೆ ಏನು ಸಮುದ್ರವೇ ಎಂದು ಅತ್ತೆ ಗೊಣಗುತ್ತಿದ್ದರು. ಅವನೇ ಬರಲಿ, ನಾನೇನು ಬೈದೆನೇ ಎಂದು ಮಾವ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಆ ಮನುಷ್ಯ ಮರ ಹತ್ತಿ ನೋಡಿದ ದೇವರನ್ನು ಮುದಿವಯಸ್ಸಿನಲ್ಲಿ ಮಾವ ಅವರ ಕೈಯಿಂದ ಕಿತ್ತುಕೊಂಡು, ಮೇಲೆ ನಕ್ಕಿದ್ದರು. ಇದು ಮಾವನಿಗೂ ಗೊತ್ತಾಗಿತ್ತೆಂದು ನನಗೆ ಗೊತ್ತು. ಸಂತೆಯ ದಿನ ಬೀರೂರಿನ ರೈಲು ಬರುವ ಹೊತ್ತಿಗೆ ಜಗಲಿಯ ಮೇಲೆ ಅವರಿಗೆ ಏನಾದರೂ ಕೆಲಸ ಇದ್ದೇ ಇರುತ್ತಿತ್ತು.

ಹಾಗೆ ವರ್ಷಗಳೇ ಕಳೆದುಹೋದವು. ಒಂದು ಬೆಳಿಗ್ಗೆ ತರೀಕೆರೆಯಿಂದ ಆಳು ಬಂದ. ಯಜಮಾನರಿಗೆ ಲಕ್ವ ಹೊಡೆದಿದೆ, ಬಲಭಾಗ ಬಿದ್ದುಹೋಗಿದೆ, ಮಾತಿಲ್ಲ ಎಂದ. ಮಾವ ಕೈಯಲ್ಲಿದ್ದ ತಕ್ಕಡಿಯನ್ನು ಹಾಗೇ ಇಟ್ಟು, ಅಂಗಿಯನ್ನೂ ಬದಲಿಸದೆ ಹೊರಟರು. ಅತ್ತೆಗೆ ಮಂಡಿನೋವು. ನಾನೂ ನಮ್ಮ ಯಜಮಾನರೂ ಹಿಂದೆಯೇ ಓಡಿದೆವು.

ತರೀಕೆರೆಯವರು ನಡುಮನೆಯ ಮಂಚದ ಮೇಲೆ ಮಲಗಿದ್ದರು. ಮಾವನನ್ನು ಕಂಡು ಕಣ್ಣನ್ನು ಗೋಡೆಯ ಕಡೆಗೆ ತಿರುಗಿಸಿದರು. ಮಾವ ಮಂಚದ ಪಕ್ಕ ಕೂತರು. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರೋ ಏನೋ, ಅದು ಬರಲಿಲ್ಲ. ಬರುವುದೊಂದೇ ಮಾತು, ಅದೇ ಬಂತು.

“ನೋಡು, ಮಲ್ಲಪ್ಪ ಇಳಿದ ತಕ್ಷಣ ಎಡಗಾಲಿಗೆ ಕೈ ಹಾಕ್ತಾನೆ. ಆಗ ನಿಮ್ಮೋನು ಏನು ಮಾಡ್ತಾನೆ, ಹೇಳು.”

ಕಾದರು. ಆಮೇಲೆ ಗೆಳೆಯನ ಪರವಾಗಿ ತಾವೇ ಹೇಳಿದರು. ಕಾಲು ಹಿಂದಕ್ಕೆ ಎಳೆದು ಕತ್ತಿನ ಮೇಲೆ ಭಾರ ಹಾಕುತ್ತಾನೆ, ಅಲ್ಲವೇ. ಇತ್ತ ಕಡೆಗೆ ಒಂದು, ಅತ್ತ ಕಡೆಗೆ ಒಂದು, ಎರಡೂ ಪಟ್ಟು ತಾವೇ ಹಾಕುತ್ತ ಹೋದರು. ಗೋಡೆಯ ಕಡೆಗಿದ್ದ ಕಣ್ಣು ಮೆಲ್ಲಗೆ ಇತ್ತ ತಿರುಗಿತು. ಹೊದಿಕೆಯೊಳಗಿಂದ ಎಡಗೈ ಹೊರಬಂದು ತೊಡೆಯ ಮೇಲೆ ಬಿತ್ತು. ಎದ್ದು ಮತ್ತೆ ಬಿತ್ತು.

ನೀರು ಬೇಕೇನೋ ಎಂದು ಅವರ ಮಗ ಲೋಟ ತಂದ. “ನೀರಲ್ಲಪ್ಪ” ಎಂದರು ಮಾವ. “ತೊಡೆ ತಟ್ತಾವ್ನೆ.”

ಮಗ ಲೋಟ ಹಿಡಿದು ಹಾಗೇ ನಿಂತ. ಮಾವ ಕಣ್ಣು ಒರೆಸಿಕೊಳ್ಳದೆ, ಹರಿಯುತ್ತಿದ್ದರೆ ಹರಿಯಲಿ ಎಂಬಂತೆ, ಮಲ್ಲಪ್ಪನ ಮುಂದಿನ ಪಟ್ಟು ಹೇಳತೊಡಗಿದರು.

ಊರಿಗೆ ಬಂದಾಗ ಯಾರು ಗೆದ್ದಿರಿ ಎಂದು ಅತ್ತೆ ಕೇಳಿದರು. ಮುಗೀಲಿಲ್ಲ ಕಣೇ, ಸಂತೆ ಕಳೀಲಿ, ಮತ್ತೆ ಹೋಗ್ಬೇಕು ಎಂದರು ಮಾವ. ಎಷ್ಟೋ ವರ್ಷದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡರು.

ಸಂತೆ ಬರುವ ಮುಂಚೆಯೇ ಆಳು ಮತ್ತೆ ಬಂದ. ಈ ಸಲ ಮಾವ ಹೋದದ್ದು ಹೆಗಲು ಕೊಡುವುದಕ್ಕೆ. ಈ ವಯಸ್ಸಿನಲ್ಲಿ ಬೇಡವೆಂದು ಎಲ್ಲರೂ ತಡೆದರೂ ಕೇಳದೆ, ಬಡಕಲು ಹೆಗಲನ್ನು ಕೊಟ್ಟು ಊರಾಚೆಯವರೆಗೂ ನಡೆದರು. ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಿತ್ತಂತೆ. ಶಿವನಾಮ ಹೇಳುತ್ತಿದ್ದಾರೆಂದು ಜನ ಅಂದುಕೊಂಡರು. ಪಕ್ಕದಲ್ಲೇ ಹೆಗಲು ಕೊಟ್ಟಿದ್ದ ನಮ್ಮ ಯಜಮಾನರಿಗೆ ಮಾತ್ರ ಅದು ಕೇಳಿಸಿತು.

“ಖಾದರ್ ಸಾಬ್ ಮೇಲೆ ಕಣೋ. ಮಲ್ಲಪ್ಪ ಕೆಳಗೆ.”