ಎರಡು ಗಂಟೆಯ ವಾಯಿದೆ

ಹೊಸದಾಗಿ ಬಂದಿದ್ದ ಆ ಕತ್ತಿ-ಮಾಯೆಯ ವೀಡಿಯೊ ಗೇಮ್ ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಫೋಟೋ ಸ್ಟುಡಿಯೋದವನಿಗೆ ಹದಿನೈದು ದಿನ ಹಿಡಿಯಿತು. ತನ್ನನ್ನು ಮದುವೆಯಾಗಲು ಒಪ್ಪುವಾಗ ಈ ಮನುಷ್ಯ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಯೋಚಿಸಿರಲಿಲ್ಲ ಎಂದು ಅವನ ಹೆಂಡತಿ ಆ ಹದಿನೈದು ದಿನದಲ್ಲಿ ಹತ್ತು ಸಲವಾದರೂ ನೆನಪಿಸಿದಳು.

ಅವನು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವವನು. ಬೆಳಗಿನಿಂದ ಸಂಜೆಯವರೆಗೆ ಊರವರ ಕಣ್ಣ ಕೆಳಗಿನ ಕಪ್ಪು ಒರೆಸುವುದು, ಮೊಡವೆ ಅಳಿಸುವುದು, ವಾಲಿದ ಕತ್ತು ನೆಟ್ಟಗೆ ಮಾಡುವುದು ಅವನ ಕಸುಬು. ಹೀಗಾಗಿ ತನ್ನ ಕಣ್ಣಿನ ಮೇಲೆ ಅವನಿಗೆ ಬಲು ನಂಬಿಕೆ. ಮುಖ ನೋಡಿದ ಮಾತ್ರಕ್ಕೆ ಮನುಷ್ಯನ ಹಣೆಬರಹ ಹೇಳುತ್ತೇನೆ, ನನ್ನನ್ನು ಯಾರೂ ಏಮಾರಿಸಲಾರರು ಎನ್ನುತ್ತಿದ್ದ. ಹಾಗೆಂದವರನ್ನೇ ಲೋಕ ಹುಡುಕಿಕೊಂಡು ಬರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಆಟವೇನೋ ಆಸೆ ಹುಟ್ಟಿಸುವಂಥದ್ದೇ. ಏಳು ರಾಜ್ಯಗಳ ಮಾಯಾಲೋಕ. ನಮ್ಮ ವೀರನನ್ನು ನಾವೇ ಸೃಷ್ಟಿಸಿ, ಕೈಗೆ ಕತ್ತಿ ಕೊಟ್ಟು, ಊರೂರು ಅಲೆಸಿ, ಹೊಡೆದಾಡಿಸಿ, ಬಲ ಬೆಳೆಸಿ, ಕೊನೆಗೊಂದು ದಿನ ಬೆಂಕಿ ಉಗುಳುವ ಘಟಸರ್ಪದ ಮುಂದೆ ನಿಲ್ಲಿಸಬೇಕು. ಆಡಿ ನೋಡಿದವರಲ್ಲಿ ಒಬ್ಬ ಇದನ್ನು ಅಮೃತವೆಂದರೆ ಇನ್ನೊಬ್ಬ ಹೊಟ್ಟು ಎಂದಿದ್ದ. ಸ್ಟುಡಿಯೋದವನು ಇವರೆಲ್ಲರ ವೀಡಿಯೊಗಳನ್ನು ದಿನವೂ ಸಂಜೆ ನೋಡಿ, ಒಂದು ನೋಟುಬುಕ್ಕಿನಲ್ಲಿ ಎಡಗಡೆ ಗುಣ, ಬಲಗಡೆ ದೋಷ ಎಂದು ಬರೆದುಕೊಂಡ. ಕತ್ತಿ ಬೀಸಿದರೆ ಕೈಗೆ ಭಾರ ತಿಳಿಯುತ್ತದಂತೆ, ಅದು ಗುಣ. ಕತೆ ಬಸವನಹುಳುವಿನಂತೆ ತೆವಳುತ್ತದಂತೆ, ಅದು ದೋಷ. ವೀರನ ಮುಖ ರೂಪಿಸುವುದಕ್ಕೇ ನೂರಿಪ್ಪತ್ತು ಗುಂಡಿಗಳಂತೆ, ಹಿಂದೆ ಮುಂದೆ ಜಾರಿಸಿದರೆ ಮೂಗು ಮೊಂಡಾಗಿ, ಮೊನಚಾಗಿ, ಬೇಕಾದಂತೆ ಬದಲಾಗುತ್ತದಂತೆ. ಇದನ್ನು ಅವನು ದೋಷದ ಸಾಲಿಗೆ ಹಾಕಿ ಎರಡು ಗೆರೆ ಎಳೆದ. ಮೂಗಿನ ಚಂದ ನೋಡಿ ಘಟಸರ್ಪ ಸಾಯುತ್ತದೆಯೇ?

ಅವನು ವೀಡಿಯೊ ನೋಡುವಾಗ ಹಿಂದೆ ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಎರಡು ಬೀದಿ ಆಚೆಯ ತಮ್ಮ ಮನೆಗೆ ಹೊಸ ನೆಲ ಹಾಕಿಸುತ್ತಾರೆಂದು ಹತ್ತು ದಿನಕ್ಕೆ ಬಂದವರು. ನೆಲ ಹಾಕಿಯಾಗಿ, ಹೊಳಪು ಕೊಟ್ಟಾಗಿ, ಹೊಳಪಿನ ಮೇಲೆ ಧೂಳೂ ಕೂತಿತ್ತು. ನಾಲ್ಕು ತಿಂಗಳಾದರೂ ಅತ್ತೆ ಏಳುವ ಲಕ್ಷಣವಿರಲಿಲ್ಲ. ಅವರ ಕುರ್ಚಿಗೆ ಅಡುಗೆಮನೆಯ ಬಾಗಿಲು ಬಿಟ್ಟರೆ ಬೇರೆ ಜಾಗವೂ ಇರಲಿಲ್ಲ. ಒಳಗೆ ಹೋಗುವವರು ಏಡಿಯ ಹಾಗೆ ಅಡ್ಡಡ್ಡ ಹೋಗಬೇಕು. ಕಿಟಕಿಯ ಪಕ್ಕ, ಗಾಳಿ ಬೆಳಕಿನ ಮೂಲೆಯೊಂದಿತ್ತು. ಅಲ್ಲಿ ಅಳಿಯನ ಕಂಪ್ಯೂಟರ್ ಮೇಜು ಮತ್ತು ಚಕ್ರದ ಕುರ್ಚಿ ರಾಜಠೀವಿಯಿಂದ ಕೂತಿದ್ದವು.

ಹೆಂಡತಿಯ ಕಣ್ಣು ಆ ಮೂಲೆಯ ಮೇಲಿತ್ತು. ಹಿಂದೆ ಕೊಂಡ ಮೂರು ಆಟಗಳಲ್ಲಿ ಒಂದನ್ನು ನಾಲ್ಕು ದಿನ, ಇನ್ನೊಂದನ್ನು ಒಂದು ದಿನ ಆಡಿ, ಮೂರನೆಯದನ್ನು ತೆರೆಯದೆಯೇ ಬಿಟ್ಟವನು ಅವನು. ಆಕೆ ಹೇಳಿದಳು: "ನೋಡಿ, ತಗೊಳ್ಳಿ, ನಾನು ಬೇಡ ಅನ್ನಲ್ಲ. ಇದೂ ಆ ಮೂರರ ಜೊತೆ ಹೋಗಿ ಮಲಗಿದ್ರೆ ಆ ಮೂಲೆ ಅಮ್ಮಂಗೆ."

ಅವನು ಧೈರ್ಯವಾಗಿ ಒಪ್ಪಿದ. ಏಕೆಂದರೆ ಗೇಮ್ ಮಾರುವವರ ಒಂದು ನಿಯಮವನ್ನು ಅವನು ಓದಿಟ್ಟುಕೊಂಡಿದ್ದ. ಕೊಂಡ ಮೇಲೆ ಎರಡು ಗಂಟೆಯೊಳಗೆ ಬೇಡವೆಂದರೆ ಮರುಮಾತಿಲ್ಲದೆ ವಾಪಸು ತೆಗೆದುಕೊಳ್ಳುತ್ತಾರೆ. ಎರಡು ಗಂಟೆಯ ಮೇಲೆ ಒಂದು ನಿಮಿಷವಾದರೂ ಅದು ನಮ್ಮ ಕೊರಳಿಗೇ. ನನಗೆ ಎರಡು ಗಂಟೆ ಯಾಕೆ, ಅರ್ಧ ಗಂಟೆ ಸಾಕು ಎಂದ.

ಆದರೂ ಹೆಂಡತಿ ಗೊಣಗುತ್ತಿದ್ದಾಗ ಅತ್ತೆ ಬಾಯಿ ಹಾಕಿದರು. "ತಗೊಳ್ಳಲಿ ಬಿಡೇ. ಗಂಡಸರಿಗೆ ಒಂದು ಹಟ ಇರಬೇಕು."

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅತ್ತೆ ಅವನ ಪರ ಆಡಿದ ಮೊದಲ ಮಾತು ಅದು. ಅವನಿಗೆ ಕಣ್ಣು ತುಂಬಿ ಬಂತು. ಬುದ್ಧಿವಂತನಾಗಿದ್ದರೆ ಕಣ್ಣು ತುಂಬುವ ಬದಲು ಕಣ್ಣು ತೆರೆಯಬೇಕಿತ್ತು.

ಅತ್ತೆಗೆ ಅವನ ಮೇಲೆ ಹಳೆಯದೊಂದು ದೂರಿತ್ತು. "ಊರೋರ ಮುಖವೆಲ್ಲ ತೆಗೆದ್ರಿ. ನಿಮ್ಮ ಮಾವನವರದ್ದು ನೆಟ್ಟಗಿರೋ ಒಂದು ಫೋಟೋ ಇಲ್ಲ." ಮಾವನವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತರಾಗಿದ್ದವರು. ಮನುಷ್ಯರನ್ನೂ ಹಾಗೇ ತೂಗಿ ನೋಡುತ್ತಿದ್ದರು, ಅಳಿಯನ ತೂಕ ಯಾವಾಗಲೂ ಕಡಿಮೆಯೇ ಬರುತ್ತಿತ್ತು. ಅವನು ಏನು ಹೇಳಿದರೂ ಅವರ ಉತ್ತರ ಒಂದೇ, "ಹೂಂ". ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದರು. ಮಗಳ ಮದುವೆಯ ಫೋಟೋದಲ್ಲಿ ಅವರದೊಂದು ಕಿವಿ ಮಾತ್ರ ಬಂದಿದೆ. ಗುರುತಿನ ಚೀಟಿಯಲ್ಲಿದ್ದ ಚಿತ್ರ ತಮ್ಮದೋ ಪಕ್ಕದವರದೋ ಎಂದು ಅವರಿಗೇ ಅನುಮಾನವಿತ್ತು. ನೆನಪಿನಿಂದ ಒಂದು ಮುಖ ಮಾಡಿಕೊಡಿ ಎಂದು ಅತ್ತೆ ಕೇಳುತ್ತಲೇ ಇದ್ದರು, ಅಳಿಯ ನಾಳೆ ಎನ್ನುತ್ತಲೇ ಇದ್ದ. ನಿಜ ಹೇಳಬೇಕೆಂದರೆ ಅವನಿಗೆ ನೆನಪಿರಲಿಲ್ಲ. ಎಂಟು ವರ್ಷ ಮಾವನವರ ಮುಂದೆ ಅವನು ತಲೆ ಎತ್ತಿದ್ದೇ ಇಲ್ಲ. ಅವರ ಚಪ್ಪಲಿ ತೋರಿಸಿದ್ದರೆ ಸಾವಿರ ಚಪ್ಪಲಿಯ ನಡುವೆಯೂ ಗುರುತು ಹಿಡಿಯುತ್ತಿದ್ದ.

ವಾರದ ರಜೆಯ ದಿನ ಬಂತು. ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಅವನು ಆಟ ಕೊಂಡು ಶುರುಮಾಡಿದ. ಹೆಂಡತಿ ಒಂದು ಚೀಟಿಯಲ್ಲಿ 'ಹನ್ನೆರಡು' ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಮೊದಲು ಬಂದದ್ದು ಮುಖದ ಪುಟ. ಅಲ್ಲಿ ಸಿದ್ಧವಾದ ಒಂದು ಮುಖವಿತ್ತು, ಕೆಳಗೆ ಮುಂದಕ್ಕೆ ಹೋಗುವ ಗುಂಡಿಯಿತ್ತು. ಒತ್ತಿಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನ ಬೆರಳು ಅದರ ಮೇಲೆ ಇಳಿಯುವಷ್ಟರಲ್ಲಿ ಹಿಂದಿನಿಂದ ಅತ್ತೆ ಮೆಲ್ಲಗೆ ಅಂದರು:

"ಇವನಿಗೆ ಗದ್ದಾನೇ ಇಲ್ವಲ್ಲ ಅಳಿಯಂದಿರೇ. ಹಿಟ್ಟಿನ ಉಂಡೆ ಥರ ಇದ್ದಾನೆ. ನಿಮ್ಮ ಕೈಯಿಂದ ಇಂಥ ಮುಖ ಆಚೆ ಹೋದ್ರೆ ನೋಡಿದೋರು ಏನಂದುಕೊಳ್ತಾರೆ?"

ಕಸುಬಿನ ಅಭಿಮಾನ ಕೆಟ್ಟದ್ದು. ಗದ್ದವೊಂದನ್ನು ಸರಿಮಾಡಿ ಹೊರಟುಬಿಡೋಣ ಎಂದುಕೊಂಡ. ಗದ್ದ ಸರಿಯಾದ ಮೇಲೆ ಕೆನ್ನೆ ಉಬ್ಬಿದಂತೆ ಕಂಡಿತು. ಕೆನ್ನೆ ಇಳಿಸಿದರೆ ಮೂಗು ಎದ್ದು ನಿಂತಿತು. ಮೂಗಿಗೇ ಹದಿನಾಲ್ಕು ಗುಂಡಿಗಳಿದ್ದವು. ಅತ್ತೆ ಹೆಚ್ಚುವ ಕೈ ನಿಲ್ಲಿಸದೆ ಒಂದೊಂದೇ ಮಾತು ಹೇಳುತ್ತ ಹೋದರು. ಮೂಗಿನ ತುದಿ ಸ್ವಲ್ಪ ಬಾಗಲಿ. ಎಡ ಹುಬ್ಬು ಒಂದು ಕೂದಲೆಳೆ ಮೇಲಿರಲಿ, ಯಾರನ್ನೂ ನಂಬದವರ ಹುಬ್ಬು ಹಾಗೇ ಇರುವುದು. ಕಿವಿಯ ಹತ್ತಿರ ಒಂದು ಮಚ್ಚೆ ಇರಲಿ, ದೃಷ್ಟಿಯಾಗಬಾರದು. ಎಲ್ಲವೂ ಅವನಿಗೆ ಸರಿಯೆನಿಸಿತು. ಈ ಹೆಂಗಸು ಸ್ಟುಡಿಯೋದಲ್ಲಿರಬೇಕಿತ್ತು ಎಂದುಕೊಂಡ. ಒಂದೊಂದೇ ಎಲೆ ಎಣಿಸುವವನಿಗೆ ಮರ ಎಲ್ಲಿ ಕಾಣುತ್ತದೆ?

ಹತ್ತೂ ಮುಕ್ಕಾಲಿಗೆ ಪಕ್ಕದ ಬೀದಿಯ ಸಲೂನಿನವನು ಬಂದ. ಹೀಗೇ ಬಂದೆ ಎಂದ. ಹೀಗೇ ಬಂದವನು ಚಪ್ಪಲಿ ಬಿಟ್ಟು ಕುರ್ಚಿ ಎಳೆದುಕೊಂಡು, ಆಟದಲ್ಲಿದ್ದ ಅರವತ್ತು ಬಗೆಯ ಕೂದಲನ್ನೂ ನೋಡಿ ಮುಖ ಸಿಂಡರಿಸಿದ.

"ಅರವತ್ತರಲ್ಲಿ ಒಂದಕ್ಕೂ ಕತ್ತರಿ ಹಿಡಿದವರ ಕೈ ತಾಗಿಲ್ಲ ಅಣ್ಣ. ಮುಂಗೂದಲು ಹಿಂದಕ್ಕೆ ಸರಿಸಿ. ಇನ್ನೂ ಹಿಂದಕ್ಕೆ."

"ಲೋ, ವೀರನಿಗೆ ಬೋಳುತಲೆ ಮಾಡ್ತೀಯಾ?"

"ಏಳು ರಾಜ್ಯದ ಚಿಂತೆ ಹೊತ್ತವನ ತಲೇಲಿ ಕೂದಲು ಉಳಿಯುತ್ತಾ ಅಣ್ಣ?"

ಮಾತು ನ್ಯಾಯವಾಗಿಯೇ ಇತ್ತು. ಕೂದಲು ಹಿಂದಕ್ಕೆ ಹೋಯಿತು. ಉಳಿದದ್ದಕ್ಕೆ ಕಿವಿಯ ಮೇಲೆ ನರೆ ಬಂತು.

ಹನ್ನೊಂದೂ ಕಾಲಿಗೆ ಎದುರು ಮನೆಯ ಟೈಲರ್ ಬಂದ, ಕೊರಳಲ್ಲಿ ಟೇಪು ನೇತಾಡುತ್ತಲೇ ಇತ್ತು. ಅವನೂ ಹೀಗೇ ಬಂದಿದ್ದ. ಪರದೆಯನ್ನು ಒಂದು ಕಣ್ಣು ಮುಚ್ಚಿ ನೋಡಿ, ಬಲ ಭುಜ ಒಂದು ಬೆರಳು ಕೆಳಗಿರಬೇಕು ಎಂದ. ತಾನು ದಿನವಿಡೀ ಜನರ ಭುಜ ನೆಟ್ಟಗೆ ಮಾಡುವವನು, ತನಗೇ ಪಾಠವೇ ಎಂದು ಸ್ಟುಡಿಯೋದವನು ರೇಗಿದ. ಟೈಲರ್ ತಣ್ಣಗೆ, "ನೆಟ್ಟಗಿರೋ ಭುಜ ನಿಮ್ಮ ಫೋಟೋದಲ್ಲಿರುತ್ತೆ. ಅಂಗಿ ಹೊಲಿಯೋನಿಗೆ ನಿಜ ಗೊತ್ತಿರುತ್ತೆ," ಎಂದ.

ಭುಜ ಇಳಿಯಿತು, ಅದರ ಹಿಂದೆ ಬೆನ್ನೂ ತುಸು ಬಾಗಿತು. ಕೊನೆಗೆ ದನಿಯ ಆಯ್ಕೆ. ನಾಲ್ಕು ದನಿಗಳಿದ್ದವು. ಮೊದಲಿನದು ಗುಡುಗಿತು, ಎರಡನೆಯದು ಶಪಥ ಮಾಡಿತು, ನಾಲ್ಕನೆಯದು ನಕ್ಕಿತು. ಮೂರನೆಯದಕ್ಕೆ ಮಾತೇ ಇಲ್ಲ, ಬರೀ ಗಂಟಲು. ಅತ್ತೆ ಮೂರನೆಯದೇ ಇರಲಿ ಎಂದರು. ಗಡಿಯಾರ ನೋಡಿದರೆ ಹನ್ನೊಂದೂ ನಲವತ್ತು. ಆದರೇನು, ಇಂಥ ಜೀವಂತ ಮುಖ ತಾನು ಜನ್ಮದಲ್ಲೇ ಮಾಡಿರಲಿಲ್ಲ ಎಂದು ಸ್ಟುಡಿಯೋದವನು ಎರಡು ಹೆಜ್ಜೆ ಹಿಂದೆ ಸರಿದು ಎದೆಯುಬ್ಬಿಸಿ ನಿಂತ.

ಅಡುಗೆಮನೆಯಿಂದ ಕಾಫಿ ತಂದ ಹೆಂಡತಿ ನಡುಮನೆಯಲ್ಲೇ ನಿಂತುಬಿಟ್ಟಳು.

"ಅಪ್ಪ," ಎಂದಳು.

ಪರದೆಯ ಮೇಲಿದ್ದವರು ಕಣ್ಣು ಮಿಟುಕಿಸಿ, "ಹೂಂ" ಎಂದರು.

ಸ್ಟುಡಿಯೋದವನ ಕಣ್ಣು ಹಳೆಯ ರೂಢಿಯಂತೆ ತಾನಾಗಿಯೇ ಕೆಳಗಿಳಿದು ಅವರ ಪಾದ ಹುಡುಕಿತು. ಆಗ ಅವನಿಗೂ ಅನುಮಾನ ಉಳಿಯಲಿಲ್ಲ. ಅತ್ತೆ ಚಾಕು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು, ಆಮೇಲೆ ಕಣ್ಣು.

"ಇಪ್ಪತ್ತು ವರ್ಷ ಇವನೇ ಅವರಿಗೆ ಕಟಿಂಗ್ ಮಾಡಿದ್ದು. ಅವರ ಅಂಗಿಯೆಲ್ಲ ಇವನೇ ಹೊಲಿದದ್ದು," ಎಂದು ಇಬ್ಬರನ್ನೂ ತೋರಿಸಿದರು. "ನಾನೇ ಬರೋಕೆ ಹೇಳಿದ್ದೆ. ನೀವು ಆ ಪುಸ್ತಕದಲ್ಲಿ ಎರಡು ಗೆರೆ ಎಳೆದು ದೋಷ ಅಂತ ಬರ್ಕೊಂಡ್ರಲ್ಲ, ನೂರಿಪ್ಪತ್ತು ಗುಂಡಿ ಅಂತ, ಅದನ್ನ ಕೇಳಿದ ದಿನವೇ ನಾನು ಇದನ್ನ ತಗೋಬೇಕು ಅಂತ ನಿರ್ಧಾರ ಮಾಡಿದ್ದೆ. ನಾಲ್ಕು ವರ್ಷ ಕಾದವಳಿಗೆ ಹದಿನೈದು ದಿನ ಏನು ದೊಡ್ಡದು?"

ಸಲೂನಿನವನೂ ಟೈಲರೂ ನೆಲ ನೋಡುತ್ತ ಕಾಫಿ ಕುಡಿದರು.

ಸ್ಟುಡಿಯೋದವನು ಬೇಗ ಸುಧಾರಿಸಿಕೊಂಡ. ಹದಿನೆಂಟು ನಿಮಿಷ ಇನ್ನೂ ಇತ್ತು. ಈ ಮುಖದ ಫೋಟೋ ಈಗಲೇ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಕೊಡುತ್ತೇನೆ, ಆಟ ವಾಪಸು ಮಾಡೋಣ ಎಂದ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

"ಪ್ರಿಂಟು ಹೂಂ ಅನ್ನುತ್ತಾ?" ಎಂದು ಅತ್ತೆ ಕೇಳಿದರು.

ಅವನು ಮತ್ತೆ ಚಕ್ರದ ಕುರ್ಚಿಯಲ್ಲಿ ಕೂತ. ಸರಿ, ವಾಪಸು ಮಾಡುವಂತಿಲ್ಲವೆಂದ ಮೇಲೆ ಆಡಿಯೇ ತೀರುತ್ತೇನೆ, ಆಡುತ್ತಿದ್ದರೆ ಮೂಲೆಯಾದರೂ ಉಳಿಯುತ್ತದೆ ಎಂದು ಮುಂದಕ್ಕೆ ಹೋಗುವ ಗುಂಡಿ ಒತ್ತಿದ.

ಮಾವನವರು ಒಂದು ಹಳ್ಳಿಯ ಬಾಗಿಲಲ್ಲಿ ಕತ್ತಿ ಹಿಡಿದು ನಿಂತರು. ಕಾವಲುಗಾರನೊಬ್ಬ ಬಂದು ತಲೆಗೆ ಕಬ್ಬಿಣದ ಟೋಪಿ ತೊಡಿಸಿದ. ಅವರಿಗೆ ತಲೆ ಬೆವರುತ್ತದೆ, ತೆಗೀರಿ ಎಂದರು ಅತ್ತೆ. ತೆಗೆದ. ನಾಲ್ಕು ಹೆಜ್ಜೆ ಓಡಿಸುವಷ್ಟರಲ್ಲಿ ಮಂಡಿನೋವಿನವರನ್ನು ಓಡಿಸಬಾರದು ಎಂದು ಹೆಂಡತಿ ಅಂದಳು. ನಡೆಸಿದ. ಊರಾಚೆ ಕಾಲಿಟ್ಟೊಡನೆ ಪೊದೆಯಿಂದ ಒಂದು ತೋಳ ಹಲ್ಲು ಕಿರಿದು ಬಂತು. ಇಷ್ಟು ದಿನ ಕಾದದ್ದು ಇದಕ್ಕೇ ಎಂದು ಅವನು ಕತ್ತಿ ಎತ್ತಿಸಿದ್ದೇ ತಡ, ಅತ್ತೆ ಅವನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

"ಒಂದು ಸಲ ಹೋದವರು. ಇನ್ನೊಂದು ಸಲ ನನ್ನ ಕಣ್ಣೆದುರಿಗೇ ಬೇಡ ಅಳಿಯಂದಿರೇ. ಊರೊಳಗೆ ಕರ್ಕೊಂಡು ಬನ್ನಿ."

ಟೈಲರ್ ತಲೆಯಾಡಿಸಿದ. ಸಲೂನಿನವನು ಬಾಗಿಲ ಕಡೆ ತಿರುಗಿ ಮೂಗು ಸೀಟಿದ. ಸ್ಟುಡಿಯೋದವನು ಮಾವನವರನ್ನು ಹುಷಾರಾಗಿ ಹಿಂದಕ್ಕೆ ನಡೆಸಿಕೊಂಡು ಬಂದು, ಬಾವಿಯ ಪಕ್ಕದ ಕಲ್ಲುಬೆಂಚಿನ ಮೇಲೆ, ನೆರಳು ನೋಡಿ ಕೂರಿಸಿದ. ಅವರು ಕತ್ತಿಯನ್ನು ಪಕ್ಕಕ್ಕಿಟ್ಟು ಆರಾಮಾಗಿ ಕೂತರು. ಫ್ರಿಜ್ಜಿನ ಮೇಲಿನ ಚೀಟಿಯನ್ನು ಹೆಂಡತಿ ಕಿತ್ತಳು. ಹನ್ನೆರಡು ದಾಟಿ ಒಂದು ನಿಮಿಷವಾಗಿತ್ತು.

ಸಂಜೆಯೊಳಗೆ ಬೆತ್ತದ ಕುರ್ಚಿ ಕಿಟಕಿಯ ಮೂಲೆಗೆ, ಕಂಪ್ಯೂಟರಿನ ಎದುರಿಗೆ ಸೇರಿತು. ಆಡುವುದಿಲ್ಲವೆಂದ ಮೇಲೆ ಒಪ್ಪಂದ ಒಪ್ಪಂದವೇ. ಚಕ್ರದ ಕುರ್ಚಿಗೆ ಅಡುಗೆಮನೆಯ ಬಾಗಿಲಲ್ಲಿ ಜಾಗವಾಯಿತು. ಏಡಿಯಂತೆ ಅಡ್ಡಡ್ಡ ಬಂದ ಹೆಂಡತಿ, ಅಮ್ಮ ಈಗ ಅಪ್ಪನ ಜೊತೆ ಕೂತಿದ್ದಾರೆ ಎನ್ನುತ್ತ ಹುರುಳಿಕಾಯಿಯ ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟು ಹೋದಳು.

ಅಷ್ಟರಲ್ಲಿ ಫೋನು ಬಂತು. ಸ್ಟುಡಿಯೋದಲ್ಲಿ ಲೈಟು ಹಿಡಿಯುವ ಜೊತೆಗಾರ. ಅವನೂ ಹದಿನೈದು ದಿನದಿಂದ ಇವನ ತೀರ್ಪಿಗೆ ಕಾದು ಕೂತಿದ್ದ. ಎರಡು ಗಂಟೆ ಆಡಿದ್ದೀರಲ್ಲ, ಹೇಳಿ, ಕೊಳ್ಳಬಹುದೋ ಎಂದು ಕೇಳಿದ.

ಸ್ಟುಡಿಯೋದವನು ಗಂಟಲು ಸರಿಮಾಡಿಕೊಂಡ. ಅಭಿಪ್ರಾಯ ಕೇಳಿದವರನ್ನು ಬರಿಗೈಯಲ್ಲಿ ಕಳಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಆದರೆ ಬಾಯಿ ತೆರೆದಾಗ ಕಿಟಕಿಯ ಮೂಲೆಯಿಂದ ಎರಡು ಜೊತೆ ಕಣ್ಣುಗಳು ಅವನನ್ನೇ ತೂಗಿ ನೋಡುತ್ತಿದ್ದವು. ಅವನು ತಲೆ ತಗ್ಗಿಸಿದ.

"ಆಟ ಹೇಗಿದೆಯೋ ನಂಗೊತ್ತಿಲ್ಲಪ್ಪ," ಎಂದ. "ಮಾವನವರು ಮಾತ್ರ ಚೆನ್ನಾಗಿದ್ದಾರೆ."

"ಹೂಂ" ಎಂದರು ಮಾವನವರು.