ಪೈಪಿನ ಕೇಸಿಗೆ ನಾನು ಕಾಗದ ಜೋಡಿಸಿದ್ದು

ಜೀವಮಾನವಿಡೀ ಇಂಗ್ಲಿಷ್ ಕಲಿಸಿ, ಮಕ್ಕಳ ತಪ್ಪು ತಿದ್ದಿ ನಿವೃತ್ತನಾದ ನನಗೆ ಕೋರ್ಟಿನ ಕಾಗದ ಜೋಡಿಸುವುದು ಯಾವ ಮಹಾವಿದ್ಯೆ ಎಂದುಕೊಂಡಿದ್ದೆ.

ಔರಾದ ತಾಲೂಕಿನ ಎಕಂಬಾದಲ್ಲಿ ನಮ್ಮ ಕಾಶಮ್ಮ ಕಾಕಿಯ ಹೊಲವಿದೆ. ಅಲ್ಲಿನ ಬಾವಿಯ ನೀರನ್ನೇ ಅರ್ಧ ಊರು ಕುಡಿಯುತ್ತದೆ. ಕಾರ್ಖಾನೆಯೊಂದರ ಹೊಲಸು ನೀರಿನ ಪೈಪು ಆ ಬಾವಿಯ ಮಗ್ಗುಲಲ್ಲೇ ಹಾಯಲಿದೆಯೆಂದು ಗೊತ್ತಾದಾಗ ಕಾಕಿ ಕೋರ್ಟಿಗೆ ಹೋಗುವುದೇ ಸೈ ಎಂದಳು. ಬೀದರಿನ ವಕೀಲೆ ಫರ್ಜಾನಾ ನನ್ನ ಹಳೆಯ ವಿದ್ಯಾರ್ಥಿನಿ. ಅರ್ಜಿ ಬರೆದು, ಪ್ರಿಂಟ್ ಮಾಡಿಸಿ ಕಾಗದ ಜೋಡಿಸಲೆಂದು ನಿಯಮಗಳ ಪಟ್ಟಿಯ ಸಮೇತ ನನ್ನ ಕೈಗಿತ್ತಳು.

"ಸರ್, ಸೋಮವಾರ ಸಂಜಿ ಐದಕ್ಕ ಮುದ್ದತ್ ಮುಗೀತದ. ಅಷ್ಟರಾಗ ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕ್ಲಿಲ್ಲಂದ್ರ ಕೇಸ್ ಕೈಬಿಟ್ಟಂಗೇ."

"ನಿಶ್ಚಿಂತಿ ಇರವಾ" ಎಂದು ಪಟ್ಟಿಯನ್ನು ಜೇಬಿಗಿಟ್ಟೆ. ಓದಲಿಲ್ಲ!

ಸೋಮವಾರ ಮೂರು ಗಂಟೆಗೆ ಕಾಕಿಯೊಂದಿಗೆ ಗಂಭೀರವದನನಾಗಿ ಅವಳ ಆಫೀಸಿಗೆ ಬಿಜಯಂಗೈದೆ. ಫರ್ಜಾನಾ ಹಾಳೆ ತಿರುವಿದಳು.

"ಎರಡೂ ಮಗ್ಗಲ ಯಾಕ ಪ್ರಿಂಟ್ ಮಾಡ್ಸೀರಿ ಸರ್?"

"ಪರಿಸರದ ಕೇಸ್ ಅಲ್ಲೇನವಾ? ನಾಕು ಗಿಡ ಉಳೀಲಿ ಅಂತ."

"ಒಂದೇ ಮಗ್ಗಲ ಅಂತ ರೂಲ್ ಅದರಿ. ಕಾಕಿಯವರ ಅಫಿಡವಿಟ್‌ಗ ಸಹಿ ಯಾರ್ ಮಾಡ್ಯಾರ?"

"ನಾನೇ. ಕಾಕಿಗೆ ತ್ರಾಸ್ ಬ್ಯಾಡಂತ."

ಕಾಕಿ ನನ್ನನ್ನು ದಿಟ್ಟಿಸಿದಳು. "ಯಾಕ ಮಾಸ್ತರ, ನಾ ಸತ್ತೀನೇನು?"

ಕಾಕಿಯನ್ನೂ ಕರೆದುಕೊಂಡು ಝೆರಾಕ್ಸ್ ಅಂಗಡಿಗೆ ಓಡಿದೆ. ಅಲ್ಲಿಂದ ನೋಟರಿಯ ಬಳಿಗೆ. ಅವರು ಊಟಕ್ಕೆ ಹೋಗಿದ್ದರು! ಬಂದು ಕೂತು, ಕಾಕಿಯ ಸಹಿ ಪಡೆದು ಠಸ್ಸೆ ಒತ್ತುವಾಗ ನಾಲ್ಕು ದಾಟಿತ್ತು. ಅದೇ ಹೊತ್ತಿಗೆ ಹೆಂಡತಿ ಶಾಂತಾಳ ಫೋನು.

"ಮುಗೀತೇನ್ರಿ?"

"ಮುಗಿದಂಗೇ."

"ಮತ್ತ ದನಿ ಯಾಕ ನಡಗ್ಲತ್ತದ?"

ಕಟ್ ಮಾಡಿದೆ. ಮರಳಿ ಬಂದರೆ ಫರ್ಜಾನಾ ನಾನು ಸಾಕ್ಷಿಗೆಂದು ಲಗತ್ತಿಸಿದ ಫೋಟೊ ಹಿಡಿದು ಕೂತಿದ್ದಳು.

"ಸರ್, ಇದ್ರಾಗ ಬಾವಿ ಎಲ್ಲದ?"

"ನನ್ನ ಹಿಂದ ಅದ."

"ಪೈಪಿಗಂತ ಅಗದಿದ್ ತಗ್ಗು?"

"ಅದೂ... ನನ್ನ ಹಿಂದೇ ಅದ."

ಹೊಸ ಅಂಗಿ ತೊಟ್ಟು ನಿಂತ ನಾನೊಬ್ಬನೇ ನ್ಯಾಯಮೂರ್ತಿಗಳಿಗೆ ಕಾಣುತ್ತಿದ್ದೆ! ಅರ್ಧ ಊರಿನ ಕುಡಿಯುವ ನೀರು ನನ್ನ ಹೊಟ್ಟೆಯ ಮರೆಯಲ್ಲಿತ್ತು. ಎಕಂಬಾಕ್ಕೆ ಹೋಗಿ ಬರುವಷ್ಟು ಹೊತ್ತೆಲ್ಲಿ?

ಕಾಕಿ ಸೊಂಟದ ಚೀಲದಿಂದ ಮೊಬೈಲು ತೆಗೆದಳು. "ತಗೋ ಬೇಟಿ, ದಿನಾ ಎರಡು ತಗದೀನಿ. ತಗ್ಗು ಎಷ್ಟ್ ಸನೇಕ ಬಂದದ ನೋಡು."

ಐದಕ್ಕೆ ಇನ್ನು ಮೂರೇ ನಿಮಿಷವಿದ್ದಾಗ ಫರ್ಜಾನಾ ಗುಂಡಿ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕಾಕಿ ನನ್ನ ಕೈ ಹಿಡಿದಳು. ಅವಳ ಅಂಗೈ ಬೆಚ್ಚಗಿತ್ತು, ಬೆವರುತ್ತಿದ್ದುದು ನನ್ನದು. ಕೊನೆಗೆ 'ಸ್ವೀಕರಿಸಲಾಗಿದೆ' ಎಂದು ಬಂತು.

ವಾರದ ಮೇಲೆ ಕೋರ್ಟಿನ ಕಚೇರಿಯಿಂದ ಅರ್ಜಿಯಲ್ಲಿನ ದೋಷಗಳ ಪಟ್ಟಿ ಬಂತು. ಏಳು! ಅವನ್ನು ಸರಿಪಡಿಸಲು ಕೊಟ್ಟ ಗಡುವಿನೊಳಗೆ ಫರ್ಜಾನಾ ಒಬ್ಬಳೇ ಕೂತು ಏಳನ್ನೂ ಸರಿಮಾಡಿದಳು. ಕೇಸು ದಾಖಲಾಯಿತು. ವಿಚಾರಣೆ ಮುಗಿಯುವವರೆಗೆ ಬಾವಿಯ ಹತ್ತಿರ ಅಗೆಯಕೂಡದೆಂದು ಆದೇಶವೂ ಬಂತು.

ಆಗ ಧೈರ್ಯ ಮಾಡಿ ಕೇಳಿದೆ, "ಏಳರಾಗ ನನ್ನ ತಪ್ಪು ಎಷ್ಟವಾ?"

"ಆರು ಸರ್."

ಒಂದಾದರೂ ಅವಳದಿದೆಯಲ್ಲ! ಮೂವತ್ತು ವರ್ಷದ ಮಾಸ್ತರಿಕೆ ಮೈಯಲ್ಲಿ ಎದ್ದು ಕೂತಿತು. "ಮತ್ತ ಆ ಏಳನೇದು?"

ಫರ್ಜಾನಾ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು, "ಅದು ನಾ ಸರಿ ಬರ್ದಿದ್ದೆ ಸರ್. ನೀವು ತಿದ್ದೀರಿ."